ಸಂಜೆಯ ಜಾಗ

“ಗುರುಗಳೇ, ಸಂಕಟದಲ್ಲಿರುವವನು ಬೇರೊಬ್ಬರ ಹೆಸರು ಹಿಡಿದು ಕೂಗಿದರೆ, ಆ ಕೂಗು ಕಿವಿಗೆ ಬಿದ್ದ ಇನ್ನೊಬ್ಬನಿಗೆ ಹೋಗುವ ಹೊಣೆ ಉಂಟೆ?”

ಕಡಲಿಗೆ ಮುಖ ಮಾಡಿದ ಗುಡ್ಡದ ಮಠದಲ್ಲಿ ಬೆಳಗಿನ ಪಾಠ ಮುಗಿದಿತ್ತು. ಉಳಿದ ಶಿಷ್ಯರು ಎದ್ದು ಹೋಗಿದ್ದರು. ಶಂಭುಲಿಂಗ ಮಾತ್ರ ಜಗಲಿಯಲ್ಲಿ ಹಿಂದೆ ಉಳಿದು ಇದನ್ನು ಕೇಳಿದ.

ಹಿಂದಿನ ದಿನ, ಯಾತ್ರೆಗೆ ಬಂದಿದ್ದ ಮುದುಕನೊಬ್ಬ ಮಧ್ಯಾಹ್ನದ ಹೊತ್ತು ಕೊಳದ ಮೆಟ್ಟಿಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದ. ಮಠದಲ್ಲಿ ಅವನಿಗೆ ಹೆಸರು ಗೊತ್ತಿದ್ದದ್ದು ಅಡಿಗೆಯವರೊಬ್ಬರದೇ. ಅವರನ್ನೇ ಕೂಗಿದ್ದ. ಅಡಿಗೆಯವರು ಪೇಟೆಗೆ ಹೋಗಿದ್ದರು. ಸಂಜೆ ಹಾಲು ತಂದ ಹೆಂಗಸು ನೋಡುವವರೆಗೂ ಅವನು ಬಿಸಿಲಲ್ಲಿ ಬಿದ್ದೇ ಇದ್ದ. ಆಮೇಲೆ ಗುರುಗಳು ಶಿಷ್ಯರನ್ನೆಲ್ಲ ಕರೆದು, ಮಧ್ಯಾಹ್ನ ಯಾರು ಯಾರು ಎಲ್ಲಿದ್ದಿರಿ ಎಂದು ಕೇಳಿದ್ದರು. ಒಬ್ಬ ತೋಟದಲ್ಲಿ ಎಂದ, ಒಬ್ಬ ಕೊಟ್ಟಿಗೆಯಲ್ಲಿ ಎಂದ. ಶಂಭುಲಿಂಗ ಗ್ರಂಥದ ಕೋಣೆಯಲ್ಲಿ ಎಂದ. ಆ ಹೊತ್ತಿಗೆ ಅವನಿಗೆ ಹಚ್ಚಿದ್ದ ಕೆಲಸವೂ ಅಲ್ಲಿಯದೇ. ಆ ಕೋಣೆ ಗುಡ್ಡದ ಆಚೆ ಮಗ್ಗುಲಲ್ಲಿದೆ, ಕೊಳದ ಕೂಗು ಅಲ್ಲಿಗೆ ಮುಟ್ಟುವುದಿಲ್ಲ. ಗುರುಗಳು ಸರಿ ಎಂದು ಎಲ್ಲರನ್ನೂ ಕಳಿಸಿದ್ದರು.

ಈಗ ಮುದುಕ ಕಾಲಿಗೆ ಬಿದಿರಿನ ಪಟ್ಟಿ ಕಟ್ಟಿಸಿಕೊಂಡು ಒಳಕೋಣೆಯಲ್ಲಿ ಮಲಗಿದ್ದ. ಗುರುಗಳು ಶಿಷ್ಯನ ಕೆಂಪಾದ ಕಣ್ಣುಗಳನ್ನು ನೋಡಿದರು. ಇಷ್ಟು ದೊಡ್ಡ ಪ್ರಶ್ನೆಯನ್ನು ಪಕ್ಕದಲ್ಲಿ ಮಲಗಿಸಿಕೊಂಡರೆ ಯಾರಿಗೆ ತಾನೆ ನಿದ್ದೆ ಬರುತ್ತದೆ ಎಂದು ನಕ್ಕರು. ಕೂತುಕೊಳ್ಳಲು ಹೇಳಿ ಕತೆ ಆರಂಭಿಸಿದರು.

ಒಬ್ಬ ಕಪ್ತಾನನಿದ್ದ. ಅವನದೊಂದು ಸರಕಿನ ಹಡಗು. ಅವನದು ಎಂದರೆ, ನಡೆಸುವವನು ಅವನು. ಒಡೆಯ ದಡದಲ್ಲಿ ಕೂತ ಒಬ್ಬ ವರ್ತಕ. ಹಲಗೆ ತೊಳೆಯುವ ಆಳಾಗಿ ಹಡಗು ಹತ್ತಿದವನಿಗೆ ಕಪ್ತಾನನ ಟೋಪಿ ತಲೆಗೇರಲು ಇಪ್ಪತ್ತೆರಡು ವರ್ಷ ಹಿಡಿದಿತ್ತು. ಆ ಟೋಪಿಯ ಮೇಲೆ ಅವನಿಗೆ ಬಹಳ ಪ್ರೀತಿ. ಊಟಕ್ಕೆ ಕೂತಾಗಲೂ ತೆಗೆಯುತ್ತಿರಲಿಲ್ಲ. ನೀನು ನಗಬೇಡ. ನಮಗೆ ಈ ಕಾವಿಯ ಮೇಲೆ ಇರುವ ಪ್ರೀತಿಯೂ ಅಂಥದ್ದೇ.

ಆ ಕಡಲಿನ ಸರಕು ಹಡಗುಗಳಲ್ಲಿ ಒಂದು ಕಟ್ಟಳೆ ಇತ್ತು. ಹಿಂದೊಮ್ಮೆ ಒಂದು ಹಡಗು ಮುಳುಗಿ, ಅದರ ಜನ ಎರಡು ದಿನ ಹಲಗೆ ಹಿಡಿದು ತೇಲಿ ಕೊನೆಗೆ ಸತ್ತುಹೋದರು. ಆ ಎರಡು ದಿನಗಳಲ್ಲಿ ಮೂರು ಹಡಗುಗಳು ಒಂದೇ ತಾಸಿನ ದೂರದಲ್ಲಿ ಹಾದುಹೋಗಿದ್ದವು ಎಂಬುದು ಆಮೇಲೆ ಗೊತ್ತಾಯಿತು. ಸಾಯುವವರು ಅಲ್ಲಿದ್ದಾರೆಂದು ಅವಕ್ಕೆ ತಿಳಿದಿರಲಿಲ್ಲ. ಆ ಸಂಕಟಕ್ಕೆ ಕಪ್ತಾನರೆಲ್ಲ ಒಂದು ಕಡೆ ಸೇರಿ ಮಾತು ಮಾಡಿಕೊಂಡರು. ದಿನವೂ ನಡುಮಧ್ಯಾಹ್ನ ಪ್ರತಿಯೊಂದು ಹಡಗೂ ತಾನು ಎಲ್ಲಿದ್ದೇನೆಂದು ವೈರ್‌ಲೆಸ್‌ನಲ್ಲಿ ದಡದ ಮನೆಗೆ ಹೇಳಬೇಕು. ದಡದ ಮನೆಯಲ್ಲಿ ಗೋಡೆಯ ತುಂಬ ಕಡಲಿನ ನಕಾಶೆ, ನಕಾಶೆಯ ಮೇಲೆ ಹಡಗಿಗೊಂದು ಗುಂಡುಸೂಜಿ. ಯಾರಾದರೂ ಆಪತ್ತಿನಲ್ಲಿ ಕೂಗಿದರೆ, ಹತ್ತಿರದ ಸೂಜಿ ಯಾವುದೆಂದು ನೋಡಿ ಆ ಹಡಗನ್ನು ಹೆಸರು ಹಿಡಿದು ಕರೆಯುವುದು. ಕರೆ ಬಂದವರು ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗುವುದು. ಇದಕ್ಕೆ ಸರಕಾರದ ಆಜ್ಞೆ ಇರಲಿಲ್ಲ, ಕೂಲಿಯೂ ಇರಲಿಲ್ಲ. ಮನಸ್ಸಿದ್ದವರು ಹೆಸರು ಕೊಡಬಹುದಿತ್ತು.

ನಮ್ಮ ಕಪ್ತಾನ ಟೋಪಿ ಬಂದ ದಿನವೇ ಹೋಗಿ ಹೆಸರು ಕೊಟ್ಟ. ಎರಡು ಸಲ ಕರೆ ಬಂದಾಗ ಹೋಗಿ ಜನರನ್ನು ನೀರಿನಿಂದ ಎತ್ತಿಕೊಂಡು ಬಂದಿದ್ದ. ಒಳ್ಳೆಯ ಮನುಷ್ಯ, ಅದರಲ್ಲಿ ಅನುಮಾನ ಬೇಡ.

ಆದರೆ ಒಳ್ಳೆಯವರಿಗೂ ಚಾಳಿ ಹತ್ತುತ್ತದೆ. ಮಧ್ಯಾಹ್ನದ ಆ ಮಾತುಗಳನ್ನು ದಡದ ವರ್ತಕರೂ ತಮ್ಮ ಮಳಿಗೆಗಳಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು. ಹಡಗು ಹಿಂದೆ ಬಿದ್ದಿದೆ ಎಂದು ಗೊತ್ತಾದರೆ ಕಪ್ತಾನ ಬಂದರಿನಲ್ಲಿ ಇಳಿಯುವುದೇ ತಡ, ಏಕೆ ಎಂಬ ಪ್ರಶ್ನೆ ಎದುರು ನಿಂತಿರುತ್ತಿತ್ತು. ತಡವಾದ ಕಪ್ತಾನರು ಅದಕ್ಕೊಂದು ಉಪಾಯ ಕಂಡುಕೊಂಡರು. ಮಧ್ಯಾಹ್ನ ಎಲ್ಲಿದ್ದೇವೋ ಅದನ್ನು ಹೇಳುವ ಬದಲು, ಹೊತ್ತು ಮುಳುಗುವಾಗ ಎಲ್ಲಿರುತ್ತೇವೋ ಅದನ್ನು ಹೇಳುವುದು. ತಮ್ಮತಮ್ಮೊಳಗೆ ಅದನ್ನು ಸಂಜೆಯ ಜಾಗ ಎನ್ನುತ್ತಿದ್ದರು. ಸಂಜೆಯ ಹೊತ್ತಿಗೆ ಹಡಗು ಹೇಗೂ ಅಲ್ಲಿಗೆ ಬಂದು ಮುಟ್ಟುತ್ತಿತ್ತು, ಹೇಳಿದ ಮಾತು ನಿಜವಾಗುತ್ತಿತ್ತು. ಸಂಜೆಗೆ ನಿಜವಾಗುವ ಮಾತನ್ನು ಸುಳ್ಳು ಎನ್ನಲು ಯಾರಿಗೂ ಮನಸ್ಸಾಗಲಿಲ್ಲ. ನಮ್ಮ ಕಪ್ತಾನನೂ ನಾಲ್ಕಾರು ಸಲ ಹಾಗೆ ಹೇಳಿದ್ದ.

ಒಂದು ಸಲ ಹಡಗು ಹೊರಡುವ ದಿನವೇ ಯಂತ್ರ ನೋಡಿಕೊಳ್ಳುವವನ ತಂಗಿಯ ಮದುವೆ ಬಂತು. ಧಾರೆ ಮುಗಿದ ಕೂಡಲೇ ಓಡಿ ಬರುತ್ತೇನೆ ಎಂದು ಅವನು ಕೇಳಿಕೊಂಡ. ಇನ್ನೊಂದು ಸಲ ತಡ ಮಾಡಿದರೆ ಹಡಗನ್ನು ತನ್ನ ಅಳಿಯನಿಗೆ ಒಪ್ಪಿಸುವುದಾಗಿ ಒಡೆಯ ಹಿಂದಿನ ತಿಂಗಳಷ್ಟೇ ಹೇಳಿದ್ದ. ಆದರೂ ಕಪ್ತಾನ ಹೋಗಿ ಬಾ ಎಂದ. ಧಾರೆ ಮುಗಿದರೆ ಊಟ, ಊಟ ಮುಗಿದರೆ ಎಲೆಯಡಿಕೆ. ಮದುವೆಮನೆಯಿಂದ ಯಾರು ಹೇಳಿದ ಹೊತ್ತಿಗೆ ಎದ್ದು ಬಂದಿದ್ದಾರೆ? ಬೆಳಗ್ಗೆ ಬಿಡಬೇಕಾದ ಹಡಗು ಹೊತ್ತು ಇಳಿದ ಮೇಲೆ ಬಿಟ್ಟಿತು. ಅವನು ಎಲ್ಲರಿಗೂ ಹೋಳಿಗೆ ಕಟ್ಟಿಸಿಕೊಂಡು ಬಂದಿದ್ದ. ಬೈಯಬೇಕೆಂದಿದ್ದ ಕಪ್ತಾನ ಎರಡು ಹೋಳಿಗೆ ಹೆಚ್ಚೇ ತಿಂದ.

ಮರುದಿನ ನಡುಮಧ್ಯಾಹ್ನ ದಡದ ಮನೆಯಿಂದ ಎಂದಿನ ಪ್ರಶ್ನೆ ಬಂತು, ಎಲ್ಲಿದ್ದೀರಿ ಎಂದು. ಕಪ್ತಾನ ಸಂಜೆಯ ಜಾಗ ಹೇಳಿದ. ದಡದ ಮನೆಯವನು ಅವನ ಸೂಜಿಯನ್ನು ಕಿತ್ತು, ಅವನಿರುವ ಜಾಗಕ್ಕಿಂತ ಆರು ತಾಸಿನ ದಾರಿ ಮುಂದೆ ಚುಚ್ಚಿದ.

ಒಂದು ತಾಸು ಕಳೆದಿರಬಹುದು. ವೈರ್‌ಲೆಸ್‌ನಲ್ಲಿ ಒಂದು ಕೂಗು ಬಂತು. ಸಣ್ಣದೊಂದು ಸರಕಿನ ದೋಣಿ, ಏಳು ಜನ, ತಳ ಒಡೆದು ನೀರು ನುಗ್ಗುತ್ತಿದೆ. ಎಲ್ಲಿದ್ದೇವೆಂದು ಹೇಳಿದರು. ಅಷ್ಟಕ್ಕೇ ದನಿ ನಿಂತುಹೋಯಿತು. ದಡದ ಮನೆಯವನು ನಕಾಶೆ ನೋಡಿದ. ಅವರಿಗೆ ಹತ್ತಿರದ ಸೂಜಿ ಒಂದು ದೊಡ್ಡ ಎಣ್ಣೆ ಹಡಗಿನದು, ಐದು ತಾಸಿನ ದಾರಿ. ಅದನ್ನೇ ಹೆಸರು ಹಿಡಿದು ಕರೆದ. ಎಣ್ಣೆ ಹಡಗಿನವರು ಒಂದೇ ಮಾತಿಗೆ ಒಪ್ಪಿ ಹಡಗು ತಿರುಗಿಸಿದರು.

ನಮ್ಮ ಕಪ್ತಾನ ಎಲ್ಲವನ್ನೂ ಕೇಳಿಸಿಕೊಂಡ. ಏಳು ಜನ ಮುಳುಗುತ್ತಿದ್ದ ಜಾಗಕ್ಕೂ ಅವನಿಗೂ ನಡುವೆ ಒಂದೇ ತಾಸಿನ ದಾರಿ ಇತ್ತು.

ಅವನನ್ನು ಯಾರೂ ಕರೆಯಲಿಲ್ಲ. ಕರೆಯುವುದಾದರೂ ಹೇಗೆ, ಅವನ ಸೂಜಿ ದೂರದಲ್ಲಿತ್ತು. ಹೋಗದಿದ್ದರೆ ಕೇಳುವವರಿಲ್ಲ. ಹೋಗುತ್ತೇನೆಂದರೆ ತಾನು ಎಲ್ಲಿದ್ದೇನೆಂದು ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಇಡೀ ಕಡಲು ಕೇಳುತ್ತದೆ, ಮಳಿಗೆಯಲ್ಲಿ ಕೂತ ಒಡೆಯನೂ ಕೇಳುತ್ತಾನೆ. ಇಪ್ಪತ್ತೆರಡು ವರ್ಷದ ಟೋಪಿ ಒಂದು ಮಾತಿಗೆ ಹೋಗುತ್ತದೆ. ಎಣ್ಣೆ ಹಡಗು ದೊಡ್ಡದು, ಅದರಲ್ಲಿ ವೈದ್ಯರಿರುತ್ತಾರೆ, ಇಳಿಸುವ ದೋಣಿಗಳಿರುತ್ತವೆ, ನನ್ನ ಹಡಗಿನಲ್ಲಿ ಏನಿದೆ ಎಂದು ಯೋಚಿಸಿದ. ಅಂಥ ಹೊತ್ತಿನಲ್ಲಿ ಮನಸ್ಸು ಬಲು ಚುರುಕಾಗಿ ಕೆಲಸ ಮಾಡುತ್ತದೆ. ಹಡಗು ತನ್ನ ದಾರಿಯಲ್ಲಿ ಅವರಿಂದ ದೂರ ಹೋಗುತ್ತಲೇ ಇತ್ತು.

ಚುಕ್ಕಾಣಿ ಹಿಡಿದಿದ್ದವನು ಒಬ್ಬ ಮುದುಕ. ಅವನೂ ಕೂಗು ಕೇಳಿದ್ದ. ಹಡಗು ಎಲ್ಲಿದೆಯೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ತಿರುಗಿ ನೋಡಲಿಲ್ಲ. ಅವನ ಬೆನ್ನನ್ನು ನೋಡುತ್ತ ನಿಲ್ಲುವುದು ಕಪ್ತಾನನಿಗೆ ಕಷ್ಟವಾಯಿತು. ಅರ್ಧ ತಾಸು ಹೇಗೋ ನಿಂತ. ಆಮೇಲೆ ಯಾರೂ ಕೇಳದಿದ್ದರೂ ತಾನಾಗಿ ಹೇಳಿದ:

“ದೊಡ್ಡ ಹಡಗು ಹೊರಟಿದೆಯಲ್ಲ.”

“ಹೊರಟಿದೆ ಕಪ್ತಾನ್ರೇ,” ಎಂದ ಮುದುಕ. “ಅದು ಬಂದು ಮುಟ್ಟುವಾಗ ಹೊತ್ತು ಮುಳುಗ್ತದೆ. ಅಷ್ಟು ಹೊತ್ತು ಕೈಯಲ್ಲಿ ಬಲ ನಿಲ್ಲೂದಿಲ್ಲ. ನಾನೊಂದು ಸಲ ನೀರಲ್ಲಿ ಹಲಗೆ ಹಿಡಿದು ನೋಡಿದವ.”

ಕಪ್ತಾನ ಟೋಪಿ ತೆಗೆದು ಪಕ್ಕದ ಸ್ಟೂಲಿನ ಮೇಲೆ ಇಟ್ಟ. ಹಡಗು ತಿರುಗಿಸಲು ಹೇಳಿದ. ವೈರ್‌ಲೆಸ್ ಎತ್ತಿಕೊಂಡು, ಮಧ್ಯಾಹ್ನ ಹೇಳಿದ ಜಾಗದಲ್ಲಿ ತಾನಿಲ್ಲ, ಇಲ್ಲಿದ್ದೇನೆ ಎಂದು ನಿಜವಾದ ಜಾಗ ಹೇಳಿದ. ಬಿರುಗಾಳಿಯಲ್ಲಿಯೂ ಅವನಿಗೆ ಅಷ್ಟು ಹೆದರಿಕೆ ಆಗಿರಲಿಲ್ಲ.

ದಡದ ಮನೆಯವನು ಬೈಯಲಿಲ್ಲ, ಏಕೆಂದೂ ಕೇಳಲಿಲ್ಲ. ಹಾಗಾದರೆ ನೀವೇ ಹತ್ತಿರ, ಹೋಗಿ ಎಂದ.

ಆಮೇಲೆ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ವೈರ್‌ಲೆಸ್‌ನಲ್ಲಿ ಮತ್ತೊಂದು ದನಿ ಬಂತು. ಇನ್ನೊಂದು ಹಡಗಿನ ಕಪ್ತಾನ, ತಾನೂ ಹೇಳಿದ ಜಾಗದಲ್ಲಿಲ್ಲ ಎಂದ. ಅವನ ಹಿಂದೆಯೇ ಮೂರನೆಯವನು ಹೇಳಿದ. ಅವರಲ್ಲಿ ಒಬ್ಬನಿಗೆ ಅಲ್ಲಿಗೆ ಎರಡೂವರೆ ತಾಸಿನ ದಾರಿ, ಅವನೂ ಹೊರಟ. ದಡದ ಮನೆಯವನು ನಕಾಶೆಯ ಮುಂದೆ ನಿಂತು ಸೂಜಿಗಳನ್ನು ಕಿತ್ತು ಕಿತ್ತು ಚುಚ್ಚಿದ. ಅಷ್ಟು ವರ್ಷಗಳಲ್ಲಿ ಅಂದೇ ಮೊದಲ ಸಲ ಆ ನಕಾಶೆ ಕಡಲಿನ ಹಾಗೆ ಕಂಡಿತಂತೆ.

ಕಪ್ತಾನ ಹೋಗಿ ಮುಟ್ಟಿದಾಗ ದೋಣಿ ಬೋರಲು ಬಿದ್ದಿತ್ತು. ಅದರ ಬೆನ್ನು ತಬ್ಬಿಕೊಂಡು ಆರು ಜನ ಇದ್ದರು. ಹಗ್ಗ ಎಸೆದು ಒಬ್ಬೊಬ್ಬರನ್ನಾಗಿ ಮೇಲೆ ಎಳೆದುಕೊಂಡರು. ಮದುವೆಗೆ ಹೋಗಿ ಬಂದವನು ತನ್ನ ಪಾಲಿನ ಒಣಬಟ್ಟೆಗಳನ್ನೆಲ್ಲ ತಂದು ಹೊದೆಸಿದ. ಐದು ಜನ ಕೂತು ನಡುಗುತ್ತ ಚಹಾ ಕುಡಿದರು. ಆರನೆಯವನು ಕೂರಲಿಲ್ಲ. ಕಂಬಿ ಹಿಡಿದು ನೀರನ್ನೇ ನೋಡುತ್ತಿದ್ದ. ಕಪ್ತಾನ ಹತ್ತಿರ ಹೋದಾಗ, ನಮ್ಮಣ್ಣ ಈಗಷ್ಟೇ ಕೈ ಬಿಟ್ಟ ಎಂದ.

ಎಷ್ಟು ಹೊತ್ತಾಯಿತು ಎಂದು ಕಪ್ತಾನ ಕೇಳಲಿಲ್ಲ. ಕೇಳುವ ಧೈರ್ಯ ಅವನಿಗೆ ಇರಲಿಲ್ಲ. ನೀರು ಕಣ್ಣಿಗೆ ಕಾಣುವಷ್ಟು ಬೆಳಕು ಇರುವವರೆಗೂ ಆ ಜಾಗವನ್ನು ಸುತ್ತಿ ಸುತ್ತಿ ಹುಡುಕಿದ. ಬಂದು ಸೇರಿದ ಎರಡು ಹಡಗುಗಳೂ ಹುಡುಕಿದವು. ಆ ಅಣ್ಣ ಸಿಗಲಿಲ್ಲ.

ಬಂದರಿನಲ್ಲಿ ಜನ ಹೂವಿನ ಹಾರ ಹಿಡಿದು ನಿಂತಿದ್ದರು. ಆರು ಮನೆಯವರು ಅವನ ಕಾಲಿಗೆ ಬಿದ್ದರು. ಅವನು ಹಾರ ಹಾಕಿಸಿಕೊಳ್ಳಲಿಲ್ಲ. ವಿನಯ ಎಂದುಕೊಂಡು ಜನ ಇನ್ನೂ ಹೆಚ್ಚು ಹೊಗಳಿದರು. ಒಡೆಯ ಆಡಿದ ಮಾತಿನಂತೆಯೇ ಹಡಗನ್ನು ಅಳಿಯನಿಗೆ ಒಪ್ಪಿಸಿದ. ಕಪ್ತಾನ ಎದುರಾಡಲಿಲ್ಲ. ಟೋಪಿಯನ್ನು ಹಡಗಿನಲ್ಲೇ ಬಿಟ್ಟು ಇಳಿದು, ನೇರವಾಗಿ ದಡದ ಮನೆಗೆ ಹೋಗಿ, ಇಲ್ಲಿ ನನಗೊಂದು ಕೆಲಸ ಕೊಡಿ ಎಂದು ಕೇಳಿದ.

ಮುಂದೆ ಬಹಳ ವರ್ಷ ಅವನು ಆ ನಕಾಶೆಯ ಮುಂದೆ ಕೂತ. ನಡುಮಧ್ಯಾಹ್ನ ಒಂದೊಂದು ಹಡಗನ್ನೂ ಕರೆದು, ಎಲ್ಲಿದ್ದೀರಿ ಎಂದು ಕೇಳುತ್ತಿದ್ದ. ಉತ್ತರ ಬಂದ ಕೂಡಲೇ ಸೂಜಿ ಮುಟ್ಟುತ್ತಿರಲಿಲ್ಲ. ಸ್ವಲ್ಪ ತಡೆದು, ಅದೇ ದನಿಯಲ್ಲಿ, ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳುತ್ತಿದ್ದ. ಎರಡನೆಯ ಸಲ ಕೆಲವರ ಉತ್ತರ ಬದಲಾಗುತ್ತಿತ್ತು. ಅವನು ಯಾರನ್ನೂ ಗದರಿಸುತ್ತಿರಲಿಲ್ಲ. ಆಮೇಲಷ್ಟೇ ಸೂಜಿ ಚುಚ್ಚುತ್ತಿದ್ದ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಶಂಭುಲಿಂಗ ನೆಲ ನೋಡುತ್ತ, ಪಾಠ ಒಪ್ಪಿಸುವವನ ಹಾಗೆ ಹೇಳಿದ:

“ಹಾಗಾದರೆ ಗುರುಗಳೇ, ಕರೆ ಯಾರ ಹೆಸರಿಗೆ ಬಂದರೂ, ಹತ್ತಿರ ಇದ್ದವನಿಗೆ ಹೊಣೆ ಉಂಟು ಎಂದಾಯಿತು.”

ಒಳಕೋಣೆಯಲ್ಲಿ ಮುದುಕ ಮಗ್ಗುಲು ಬದಲಿಸಲು ಹೋಗಿ ನರಳಿದ. ಗುರುಗಳು ಅದು ನಿಲ್ಲುವವರೆಗೆ ಕಾದರು. ಆಮೇಲೆ ನಿನ್ನೆ ಸಂಜೆ ಕೇಳಿದ ದನಿಯಲ್ಲಿಯೇ ಕೇಳಿದರು:

“ಶಂಭುಲಿಂಗ, ನಿನ್ನೆ ಮಧ್ಯಾಹ್ನ ಎಲ್ಲಿದ್ದೆ?”