ಡಿಸ್ಕ್ ಬಿ ಯಾರು?

ಕಂಪ್ಯೂಟರಿನೊಳಗೆ ಡಿಸ್ಕುಗಳಿಗೆ ಬಂದ ಸರದಿಯಂತೆ ಹೆಸರು; ಎ ಮಾತ್ರ ಕಂಪ್ಯೂಟರಿನ ಸ್ವಂತ ಡಿಸ್ಕಿಗೆ ಮೀಸಲು. ಇವತ್ತು ಪೆನ್‌ಡ್ರೈವ್ ಮೊದಲು ಬಂತು, ಡಿಸ್ಕ್ ಬಿ ಆಯಿತು. ತೀರಿಕೊಂಡ ನೀಲವ್ವನ ಹಾಡುಗಳು ಅದರಲ್ಲಿದ್ದವು, ಬೇರೆಲ್ಲೂ ಇರಲಿಲ್ಲ.

ಅಳಿಸುವ ಆಜ್ಞೆ ಚೀಟಿ ಹಿಡಿದು ಓಡಿಬಂತು. "ಡಿಸ್ಕ್ ಬಿಗೆ ದಾರಿ ತೋರಿಸು. ಪೂರಾ ಒರೆಸಬೇಕು."

ಯಾವ ದಿನ ಯಾರಿಗೆ ಯಾವ ಹೆಸರೆಂದು ಬಲ್ಲ ಹೆಸರಿನ ಪಟ್ಟಿ ಅಡ್ಡ ನಿಂತಿತು. "ಚೀಟಿ ಯಾವತ್ತಿಂದು ತಮ್ಮಾ?"

"ನಿನ್ನೇದು. ಹೆಸರು ಅದೇ ಅಲ್ಲವೇನು?"

"ನಿನ್ನೆ ಆ ಹೆಸರಲ್ಲಿ ಕೂತಿದ್ದು ಹಳೇ ಮೆಮೊರಿ ಕಾರ್ಡು. ಇವತ್ತು ಅದು ಡಿಸ್ಕ್ ಸಿ. ಡಿಸ್ಕಿನ ಮೈಮೇಲಿನ, ಎಂದೂ ಬದಲಾಗದ ನಂಬರು ಹೇಳು, ದಾರಿ ಕೊಡತೀನಿ."

ಆಜ್ಞೆ ಚೀಟಿ ತಿರುಗಿಸಿ ನಂಬರು ಓದಿತು. ಅದು ಕಾರ್ಡಿನದು.

"ಇತ್ತ ಬಾರಪ್ಪ, ನನ್ನೊಳಗೆ ಬರೀ ಕಸ," ಅಂದಿತು ಕಾರ್ಡು.

ಪೆನ್‌ಡ್ರೈವಿನ ದೀಪ ಕುಣಿಯಿತು. ನೀಲವ್ವ ಹಾಡತೊಡಗಿದಳು.