ಬಾಂಬಿನ ಕೊಕ್ಕೆಗೊಂದು ನಾಲಿಗೆ

ಮಲಪ್ರಭೆಯ ದಂಡೆಯ ಹಳೇ ಮಠವೊಂದರಲ್ಲಿ ತೋಟಯ್ಯ ಮಾಸ್ತರರು ಇದ್ದರು. ಕಾವಿ ಉಡದಿದ್ದರೂ ಜನ ಅವರನ್ನು ಗುರುಗಳೆಂದೇ ಕರೆಯುತ್ತಿದ್ದರು. ಅವರಿಗೆ ಬರುತ್ತಿದ್ದದ್ದು ಒಂದೇ ವಿದ್ಯೆ, ಯುದ್ಧಕಾಲದ ವಿಮಾನಗಳ ಪುಟ್ಟ ಮಾದರಿಗಳನ್ನು ಕಟ್ಟಿಗೆಯಲ್ಲಿ ಕೊರೆಯುವುದು.

ಅವರದೊಂದು ನೇಮವಿತ್ತು. ಎರಡು ಸಾಕ್ಷಿ ಸಿಗುವ ತನಕ ಯಾವ ಭಾಗವನ್ನೂ ಮಾದರಿಗೆ ಅಂಟಿಸುವಂತಿಲ್ಲ. ಎರಡೂ ಬೇರೆ ಬೇರೆ ಕಡೆಯಿಂದ ಬರಬೇಕು. ತಮ್ಮ ಹಳೆಯ ಕೆಲಸವನ್ನು ಅವರು ಶಿಷ್ಯರಿಗೆ ತೋರಿಸುತ್ತಲೇ ಇರಲಿಲ್ಲ. ನೋಡಿದರೆ ಅದನ್ನೇ ನಕಲು ಮಾಡುತ್ತೀರಿ ಎನ್ನುತ್ತಿದ್ದರು.

ಶಿಷ್ಯ ಅಡಿವೆಪ್ಪ ನಲವತ್ತು ದಾಟಿದವನು. ಬ್ರಿಟಿಷರ ಒಂದು ಯುದ್ಧವಿಮಾನದ ಮಾದರಿ ಹಿಡಿದು ಕೂತು ವರ್ಷಗಳೇ ಉರುಳಿದ್ದವು. ರೆಕ್ಕೆ ಮುಗಿದಿತ್ತು, ಗಾಲಿ ಮುಗಿದಿತ್ತು, ಬಾಂಬ್ ರ್ಯಾಕ್ ಮಾತ್ರ ಉಳಿದಿತ್ತು. ರೆಕ್ಕೆಯ ಕೆಳಗೆ ಬಾಂಬು ನೇತುಹಾಕುವ ಕಬ್ಬಿಣದ ಚೌಕಟ್ಟು ಅದು, ನಡುವೆ ಒಂದು ಕೊಕ್ಕೆ. ಮಾದರಿಯಲ್ಲಿ ಆ ಕೊಕ್ಕೆ ಜೋಳದ ಕಾಳಿಗಿಂತ ದೊಡ್ಡದಲ್ಲ.

ಆ ಕಾಳಿಗಾಗಿ ಅವನು ಪರದೇಶದ ಮ್ಯೂಸಿಯಮ್ಮುಗಳಿಗೆಲ್ಲ ಬರೆದ. ಸಿಕ್ಕ ಯುದ್ಧಕಾಲದ ಫೋಟೋಗಳಲ್ಲೆಲ್ಲ ಕೊಕ್ಕೆಯನ್ನು ಬಾಂಬೇ ಮರೆಮಾಡಿತ್ತು. ಬೆಟ್ಟ ಅಗೆದು ಇಲಿ ಹಿಡಿಯುವವನು ಎಂದು ಊರವರು ನಕ್ಕರು. ನಗುವವರಿಗೇನು, ಅವರಪ್ಪ ಅಂಥ ಕೊಕ್ಕೆಯ ಕೆಳಗೆ ಸತ್ತಿರಲಿಲ್ಲ.

ಅಡಿವೆಪ್ಪನ ತಂದೆ ಫಕೀರಪ್ಪ ಯುದ್ಧದಲ್ಲಿ ಬರ್ಮಾ ಗಡಿಯ ವಿಮಾನ ನಿಲ್ದಾಣವೊಂದರಲ್ಲಿ ಬಾಂಬು ಏರಿಸುವ ಕೆಲಸ ಮಾಡುತ್ತಿದ್ದ. ಒಂದು ಬೆಳಿಗ್ಗೆ ಏರಿಸಿದ ಬಾಂಬು ಕಳಚಿ ಬಿತ್ತು. ಅವನೂ ಹೋದ, ಅವನನ್ನು ನಂಬಿ ಊರಿನಿಂದ ಹೋಗಿದ್ದ ಇಬ್ಬರು ಹುಡುಗರೂ ಹೋದರು. ಫಕೀರಪ್ಪನೇ ಸರಿಯಾಗಿ ಸಿಕ್ಕಿಸಲಿಲ್ಲ ಎಂಬ ಮಾತು ಊರಿಗೆ ಬಂತು. ಆ ಎರಡು ಮನೆಯವರು ಅಂದಿನಿಂದ ಅವನ ಹೆಂಡತಿ ನೀಲವ್ವನನ್ನು ಮಾತಾಡಿಸಲಿಲ್ಲ.

ನೀಲವ್ವ ಮಗನನ್ನು ಕೇಳಿದ್ದು ಒಂದೇ ಮಾತು. "ತಪ್ಪು ನಿಮ್ಮಪ್ಪಂದ ಏನು? ಅಷ್ಟು ನೋಡಿ ಹೇಳಪಾ."

ಕೊಕ್ಕೆಯ ಬಾಯಿ ತೆರೆದಿದ್ದರೆ ಒಂದು ಕುಲುಕಿಗೆ ಬಾಂಬು ತಾನೇ ಜಾರಬಹುದು. ಬಾಯಿಗೆ ತಡೆ ಇದ್ದರೆ, ಅದನ್ನು ಹಾಕಲು ಮರೆತವನದೇ ತಪ್ಪು. ಅಡಿವೆಪ್ಪನಿಗೆ ಗೊತ್ತಾಗಬೇಕಿದ್ದದ್ದು ಇಷ್ಟೇ.

ಒಂದು ಮಧ್ಯಾಹ್ನ ಅವನು ಬಣ್ಣ ಆರದ ರ್ಯಾಕನ್ನು ತಂದು ಗುರುಗಳ ಮುಂದಿಟ್ಟ.

"ಮುಗೀತ್ರಿ."

ಗುರುಗಳು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಕೊಕ್ಕಿ ಬಾಯಾಗ ಇದೇನು? ನಾಲಿಗಿ ಇದ್ದಂಗೈತಿ."

"ಬಾಂಬ್ ಜಾರದಂಗ ತಡಿಯೂದ್ರಿ ಅದು."

"ಸಾಕ್ಷಿ?"

"ಎರಡೂ ಅದಾವ್ರಿ. ಇಂಗ್ಲೆಂಡಿನ ಒಬ್ಬ ಸಾಹೇಬ್ರು ಬರದ ನಕ್ಷೆದಾಗ ಐತಿ. ಅಲ್ಲಿ ಮ್ಯೂಸಿಯಮ್ಮಿನಾಗ ನಿಲ್ಲಿಸಿದ ವಿಮಾನದ ಫೋಟೋದಾಗೂ ಐತಿ. ಕೂದಲೆಳಿಯಷ್ಟೂ ಫರಕಿಲ್ರಿ."

"ಅವ್ವಗ ಹೇಳಿದಿ ಏನು?"

"ಹೇಳಿದ್ನಿರಿ. ತಪ್ಪು ಅಪ್ಪಂದ ಅಂತ."

"ಏನಂದ್ಲು?"

"ದೇವರ ಜಗಲಿ ಮ್ಯಾಲಿನ ಅಪ್ಪನ ಫೋಟೋ ತಗದು ಟ್ರಂಕಿನಾಗ ಇಟ್ಲು."

"ನೀ ಏನ್ ಮಾಡಿದಿ?"

"ಇಲ್ಲಿಗೆ ಬಂದ್ನಿರಿ. ಬಣ್ಣ ಹಚ್ಚೂದು ಉಳಿದಿತ್ತು."

ಗುರುಗಳು ಎದ್ದು ಒಳಗೆ ಹೋದರು. ಧೂಳು ಹಿಡಿದ ಒಂದು ಮಾದರಿ ತಂದು ಅಂಗಾತ ಮಲಗಿಸಿದರು. ಅದೇ ವಿಮಾನ. ರೆಕ್ಕೆಯ ಕೆಳಗೆ ಅದೇ ಕೊಕ್ಕೆ, ಕೊಕ್ಕೆಯ ಬಾಯಲ್ಲಿ ಅದೇ ನಾಲಿಗೆ.

ಅಡಿವೆಪ್ಪನ ಮುಖ ಅರಳಿತು. "ನೋಡ್ರಿ! ನೀವೂ ಹಿಂಗ ಮಾಡೀರಿ!"

ಗುರುಗಳು ಉಗುರಿನಿಂದ ನಾಲಿಗೆಯನ್ನು ಮೀಟಿದರು. ಅದು ಕಿತ್ತು ಅಂಗೈಗೆ ಬಿತ್ತು.

"ಬಿದಿರಿನ ಚೂರು. ಆಗ ನೇಮ ಇರಲಿಲ್ಲ, ಕೊಕ್ಕಿ ಅಂದಾಜಿಲೆ ಕೊರದೆ. ಕೊರಿಯೂವಾಗ ಅದು ಸೀಳಿತ್ತು. ಮುರಿಯದಂಗ ಇದನ್ನ ಅಂಟಿಸಿ ಮ್ಯಾಲ ಬಣ್ಣ ಬಡದಿದ್ದೆ."

"ಅಂದ್ರ?"

"ಆ ಸಾಹೇಬ ಇಲ್ಲಿಗೆ ಬಂದಿದ್ದ. ಇದನ್ನ ಅಳದು ನಕ್ಷೆ ಬರಕೊಂಡು ಹೋದ."

"ಮ್ಯೂಸಿಯಮ್ಮಿನ ವಿಮಾನ?"

"ಅದರ ಮೂಲ ರ್ಯಾಕ್ ಕಳದಿತ್ತು. ಅವನ ನಕ್ಷೆ ನೋಡಿ ಹೊಸದು ಮಾಡಿ ಕೂಡಿಸ್ಯಾರ. ಅವನೇ ನನಗ ಹೇಳಿ ಕಳಿಸಿದ್ದ, ಭಾಳ ಖುಷೀಲೆ."

ಅಡಿವೆಪ್ಪ ಸಮುದ್ರದಾಚೆಯಿಂದ ಹುಡುಕಿ ತರಿಸಿದ ಸಾಕ್ಷಿ ಪಕ್ಕದ ಕೋಣೆಯದಾಗಿತ್ತು. ಒಂದು ಬಿದಿರಿನ ಚೂರನ್ನು ನಂಬಿ ಅವನು ಹೆತ್ತ ತಂದೆಯ ಮೇಲೆ ಎರಡು ಜೀವದ ಪಾಪ ಹೊರಿಸಿದ್ದ. ಅದನ್ನು ತಾಯಿಯ ಮುಂದೆ ಆಡಿಯೂ ಬಂದಿದ್ದ.

"ಹಂಗಾದ್ರ ಅಪ್ಪಂದು ತಪ್ಪಿಲ್ರಿ!"

"ಯಾರು ಬಲ್ಲರು?"

"ಇನ್ನೆಲ್ಲಾರ ಹುಡುಕ್ತೀನ್ರಿ."

"ಯುದ್ಧ ಮುಗದ ಮ್ಯಾಲ ಆ ರ್ಯಾಕ್‌ಗಳನ್ನೆಲ್ಲ ಒಡದು ಗುಜರಿಗೆ ಹಾಕಿದ್ರು. ನೀ ತೊಟ್ಟಲದಾಗ ಇದ್ದಾಗಿಂದ ನಾ ಹುಡುಕೇನಿ. ಸಿಗೂದಿಲ್ಲ, ತಮ್ಮಾ."

"ನಿಮ್ಮ ಒಂದು ಚೂರಿನಿಂದ ನಮ್ಮವ್ವ..." ಎಂದ ಅಡಿವೆಪ್ಪ.

"ಹೌದು," ಎಂದರು ಗುರುಗಳು.

ಅವನು ತನ್ನ ರ್ಯಾಕನ್ನು ಕೈಗೆತ್ತಿಕೊಂಡ. ಹಸಿ ಬಣ್ಣದಿಂದ ನಾಲಿಗೆಯನ್ನು ಕಿತ್ತ. ಕೊಕ್ಕೆ ಬಾಯಿ ತೆರೆಯಿತು. ಈಗ ಅಪ್ಪ ನಿರಪರಾಧಿ. ಮತ್ತೆ ಹಚ್ಚಿದ. ಈಗ ಅಪರಾಧಿ. ಮತ್ತೆ ಕಿತ್ತ. ಎರಡರಲ್ಲಿ ಯಾವುದು ಅವನಪ್ಪನ ಕೊಕ್ಕೆಯೋ ಹೇಳುವಂತಿರಲಿಲ್ಲ. ಬೆರಳಿನ ತುಂಬ ಬಣ್ಣವಾಯಿತು.

ಇಷ್ಟು ವರ್ಷದ ದುಡಿಮೆಯಲ್ಲಿ ತಾಯಿಯ ಪಾಲಿಗೆ ಕೊಡಲು ಏನೆಂದರೆ ಏನೂ ಉಳಿದಿರಲಿಲ್ಲ.

"ಅಕಿಗೆ ಇನ್ನ ಭಾಳ ದಿನ ಇಲ್ರಿ," ಎಂದ. "ಏನಂತ ಹೇಳ್ಲಿ?"

"ಗೊತ್ತಿಲ್ಲ ಅಂತ ಹೇಳು. ಎಂದೂ ಗೊತ್ತಾಗೂದಿಲ್ಲ ಅಂತನೂ ಹೇಳು."

"ಅಕಿ ಅಳ್ತಾಳ್ರಿ. ನನ್ನ ಕಡಿಂದ ನೋಡಾಕ ಆಗೂದಿಲ್ಲ."

ಗುರುಗಳು ಅವನ ಕೈಯಿಂದ ರ್ಯಾಕನ್ನು ತೆಗೆದುಕೊಂಡರು.

"ಹೇಳಿದ ಮ್ಯಾಲ, ಈ ಸಲ ಅಕಿನ್ನ ಬಿಟ್ಟು ಎದ್ದು ಬರಬ್ಯಾಡ."