ಹಗ್ಗದ ಮೇಲಿನ ನಡುಕ

"ಗುರುಗಳೇ, ಈ ಮೈ ನಡುಗದ ಹಾಗೆ ಮಾಡುವುದು ಹೇಗೆ?"

ಕೇಳಿದವನು ಮಹಾಲಿಂಗ, ಮಠಕ್ಕೆ ಸೇರಿ ಒಂದು ವರ್ಷವಾಗಿದ್ದ ಶಿಷ್ಯ. ಮಾಗಿಯ ಬೆಳಗಿನಲ್ಲಿ ಕೆರೆಗೆ ಇಳಿದು, ಕುತ್ತಿಗೆಮಟ್ಟದ ನೀರಿನಲ್ಲಿ ನಿಂತು ಜಪ ಮಾಡುವ ವ್ರತ ಹಿಡಿದಿದ್ದ. ಅಂದು ಒಂಬತ್ತನೆಯ ದಿನ. ಈಗಷ್ಟೇ ಮೇಲೆ ಬಂದಿದ್ದ. ಹಲ್ಲು ಕಟಕಟ ಎನ್ನುತ್ತಿತ್ತು.

"ಚಳಿಗೆ ನಡುಗುತ್ತದೆ, ಬಿಸಿಲಿಗೆ ಬೆವರುತ್ತದೆ, ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಡವಡವ ಎನ್ನುತ್ತದೆ. ಒಂದು ಗಳಿಗೆಯೂ ಸುಮ್ಮನಿರದ ಇದಕ್ಕೆ ಸ್ಥಿರತೆ ಎಲ್ಲಿಂದ ಬರಬೇಕು? ನಾಳೆ ಇಳಿದರೆ, ನಡುಕ ನಿಲ್ಲುವ ತನಕ ನೀರಿನಿಂದ ಮೇಲೇಳುವುದಿಲ್ಲ ಎಂದು ಸಂಕಲ್ಪ ಮಾಡಿದ್ದೇನೆ."

ಗುರುಗಳು ತಮ್ಮ ಕಂಬಳಿ ತೆಗೆದು ಅವನಿಗೆ ಹೊದಿಸಿದರು. "ಕೂತುಕೋ. ನಾಳೆಗೆ ಮೊದಲು ಇದನ್ನು ಕೇಳು" ಎಂದರು.

ಒಂದು ಊರಿಗೆ ಹಗ್ಗದಾಟದ ಸಂಸಾರವೊಂದು ಬಂತು. ತಾಯಿ, ಇಬ್ಬರು ಹೆಣ್ಣುಮಕ್ಕಳು. ತಾಯಿ ಕೆಳಗೆ ನಿಂತು ಡೋಲು ಬಾರಿಸುವಳು. ಕಿರಿಯ ಮಗಳು ಬಿದಿರಿನ ಗಳು ಹಿಡಿದು ಹಗ್ಗದ ಮೇಲೆ ನಡೆಯುವಳು. ಹಿರಿಯಳಿಗೆ ದಿನ ತುಂಬಿತ್ತು. ಮಳೆ ಹತ್ತಿರವಾಗಿತ್ತು. ಹೆರಿಗೆಗೆ ಒಂದು ಸೂರು ಬೇಕಾಗಿತ್ತು.

ಊರಂಚಿನಲ್ಲಿ ಒಂದು ಖಾಲಿ ಕೊಟ್ಟಿಗೆ ಇತ್ತು. ತಾಯಿ ಹೋಗಿ ಊರ ಗೌಡನಿಗೆ ಕೈಮುಗಿದಳು. ಗೌಡ ಹಿಂದಿನ ದಿನ ಆಟ ನೋಡಿದ್ದ.

"ನಿನ್ನ ಮಗಳು ಮೊರದೊಳಗಿನ ಕಾಳಿನ ಹಾಗೆ ಅಲ್ಲಾಡುತ್ತಾಳಲ್ಲ! ಅದೂ ಒಂದು ವಿದ್ಯೆಯೇ? ನಾಳೆ ಅಲ್ಲಾಡದೆ ದಾಟಿ ತೋರಿಸಲಿ, ಮಳೆಗಾಲ ಕಳೆಯುವ ತನಕ ಕೊಟ್ಟಿಗೆ ನಿಮ್ಮದು. ಅಲ್ಲಾಡಿದಳೋ, ಗಂಟುಮೂಟೆ ಕಟ್ಟಿಕೊಳ್ಳಿ."

ಕಿರಿಯಳಿಗೆ ಮಾತು ನಾಟಿತು. ಆಟದವರಲ್ಲಿ ಯಾರಾದರೂ ಬಿದ್ದು ಮೂಳೆ ಮುರಿದುಕೊಂಡರೆ, ಬಿದಿರಿನ ದಬ್ಬೆ ಇಟ್ಟು ಬಟ್ಟೆ ಸುತ್ತುವುದು ವಾಡಿಕೆ. ಅಂಥ ದಬ್ಬೆಗಳು ಅವರ ಗಂಟಿನಲ್ಲಿ ಯಾವಾಗಲೂ ಇರುತ್ತಿದ್ದವು. ಅವಳು ಆರು ದಬ್ಬೆ ಆರಿಸಿಕೊಂಡಳು. ಮುರಿಯದ ಸೊಂಟದ ಸುತ್ತ ಅವನ್ನು ಇಟ್ಟು, ಸೀರೆಯ ಮೇಲಿಂದ ಬಟ್ಟೆ ಸುತ್ತಿ, ಬಿಗಿಯಾಗಿ ಕಟ್ಟಿಕೊಂಡಳು. ನೋಡುವವರಿಗೆ ಅದು ನಡುಕಟ್ಟಿನ ಹಾಗೆ ಕಂಡಿತು. ತಾಯಿಗೆ ಹೇಳಲಿಲ್ಲ.

ಮರುದಿನ ಊರೇ ಸೇರಿತು. ಹಗ್ಗ ಹದಿನಾರು ಮೊಳ ಉದ್ದ, ಎರಡಾಳು ಎತ್ತರ. ಡೋಲು ಮೊದಲಾಯಿತು. ಮೊದಲ ನಾಲ್ಕು ಹೆಜ್ಜೆ ಅವಳು ಗರುಡಗಂಬದ ಹಾಗೆ ನೆಟ್ಟಗೆ ನಡೆದಳು. ಜನ ಉಸಿರು ಬಿಗಿಹಿಡಿದರು. ಗೌಡ ಜಗಲಿಯಿಂದ ಎದ್ದು ನಿಂತ.

ಐದನೆಯ ಹೆಜ್ಜೆಗೆ ಗಾಳಿ ಬೀಸಿತು.

ಹಗ್ಗ ಸರಿಯಿತು. ಅಂಗಾಲಿಗೆ ಅದು ತಕ್ಷಣ ತಿಳಿಯಿತು. ಅಂಗಾಲು ಸೊಂಟಕ್ಕೆ ಹೇಳಿತು. ಸೊಂಟಕ್ಕೆ ಕೇಳಿಸಿತು, ಉತ್ತರ ಕೊಡಲು ಆಗಲಿಲ್ಲ. ಇಡೀ ಮೈ, ಕಡಿದ ಮರದ ಹಾಗೆ, ಒಂದೇ ತುಂಡಾಗಿ ಎಡಕ್ಕೆ ವಾಲತೊಡಗಿತು.

ಆಟದ ಹೊತ್ತಿನಲ್ಲಿ ತಾಯಿ ಮಗಳ ಮುಖ ನೋಡುವವಳಲ್ಲ, ಕಾಲು ನೋಡುವವಳು. ಬೆರಳುಗಳು ಹಗ್ಗವನ್ನು ಕಚ್ಚಿ ಹಿಡಿದದ್ದು ಕಂಡಿತು. ಕಣ್ಣೆತ್ತಿದಳು. ಸೊಂಟ ಎಂದಿಗಿಂತ ದಪ್ಪ ಇದ್ದದ್ದು ಕಂಡಿತು. ಡೋಲು ಬಿಸಾಡಿ ಕೂಗಿದಳು:

"ಅಯ್ಯೋ ಹುಚ್ಚಿ, ಗಂಟು ಬಿಚ್ಚೇ! ಅಲ್ಲಾಡೇ! ಅಲ್ಲಾಡೇ ನನ್ನವ್ವಾ!"

ಮಗಳು ಗಳುವಿನಿಂದ ಒಂದು ಕೈ ಬಿಟ್ಟು ಗಂಟು ಎಳೆದಳು. ಬಟ್ಟೆ ಸಡಿಲಿತು. ದಬ್ಬೆಗಳು ಪಟಪಟ ಉದುರಿದವು. ಸೊಂಟ ಬಲಕ್ಕೆ ಹೊರಳಿತು, ಗಳು ಎಡಕ್ಕೆ ಇಳಿಯಿತು, ಮೊಣಕಾಲು ಬಗ್ಗಿತು. ಅತಿಯಾಯಿತು! ಈಗ ಬಲಕ್ಕೆ ವಾಲಿದಳು. ಸೊಂಟ ಎಡಕ್ಕೆ ಬಂತು. ಮತ್ತೆ ಅತಿಯಾಯಿತು, ಆದರೆ ಈ ಸಲ ಕಡಿಮೆ. ಮುಂದಿನ ಸಲ ಇನ್ನೂ ಕಡಿಮೆ. ತೂಗುತ್ತ, ತಿದ್ದುತ್ತ, ಪ್ರತಿ ಹೆಜ್ಜೆಗೂ ಬೀಳಹೊರಟು, ಪ್ರತಿ ಹೆಜ್ಜೆಗೂ ಬೀಳದೆ, ಹುಡುಗಿ ಆಚೆಯ ಕಂಬ ಮುಟ್ಟಿದಳು!

ಊರು ಬೊಬ್ಬೆ ಹೊಡೆಯಿತು. ಮುದುಕರು ಕೂಡ ಕುಣಿದರು.

"ಅಲ್ಲಾಡಿದಳಲ್ಲ" ಎಂದ ಗೌಡ, ಹಣೆಯ ಬೆವರು ಒರೆಸಿಕೊಳ್ಳುತ್ತ.

ತಾಯಿ ಹೇಳಿದಳು: "ಗೌಡ್ರೇ, ಅವಳು ಎಡಕ್ಕೆ ವಾಲಿದರೆ ತಾವು ಬಲಕ್ಕೆ ವಾಲಿದಿರಿ. ಅವಳು ಬಲಕ್ಕೆ ಬಂದರೆ ತಾವು ಎಡಕ್ಕೆ. ತಮ್ಮ ಪೇಟ ಅಗೋ, ಅಲ್ಲಿ ಬಿದ್ದಿದೆ. ತಾವು ನೆಲದ ಮೇಲೇ ಇದ್ದಿರಿ ಸ್ವಾಮಿ!"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಗೌಡ ತಲೆ ಮುಟ್ಟಿ ನೋಡಿಕೊಂಡ. ಅವನಿಗೂ ನಗು ಬಂತು. ಕೊಟ್ಟಿಗೆಗೆ ಹೊಸ ಹುಲ್ಲು ಹೊದಿಸಿಕೊಡಲು ಆಳುಗಳಿಗೆ ಹೇಳಿದ. ಮಳೆ ಹಿಡಿದ ಮೂರನೆಯ ದಿನ ಅಲ್ಲಿ ಮಗು ಅತ್ತಿತು.

ಗುರುಗಳು ಕತೆ ನಿಲ್ಲಿಸಿದರು. ಮಹಾಲಿಂಗನ ಕಣ್ಣುಗಳು ಹೊಳೆಯುತ್ತಿದ್ದವು. ಆದರೂ ಅವನು ಹಿಡಿದದ್ದನ್ನು ಬಿಡುವವನಲ್ಲ.

"ಅವಳು ದಾಟಿದ್ದು ಸರಿ ಗುರುಗಳೇ. ಆದರೆ ಚಳಿ ಬಂದರೂ ಗಾಳಿ ಬಂದರೂ ಒಂದಿಷ್ಟೂ ಅಲ್ಲಾಡದ ಮೈ ಇನ್ನೂ ದೊಡ್ಡದಲ್ಲವೇ?"

ಗುರುಗಳು ಅವನ ಹೆಗಲ ಮೇಲಿನ ಕಂಬಳಿ ಸರಿಪಡಿಸಿ ಹೇಳಿದರು:

"ಅಂಥ ಮೈಯನ್ನು ಹೊರಲು ನಾಲ್ಕು ಜನ ಬೇಕಪ್ಪಾ."